ಕಾಲಾ ಘೋಡಾದ ಬಳಿ ಒಂದು ಭಾನುವಾರ

ಮುಂಬಯಿಗೆ ಹೋದವರು ಗೇಟ್‌ವೇ ಆಫ್ ಇಂಡಿಯಾವನ್ನು ನೋಡದೆ ಬರುವುದಿಲ್ಲ. ಅಲ್ಲಿಂದ ಹತ್ತು ನಿಮಿಷದ ನಡಿಗೆಯಷ್ಟೇ ದೂರವಿರುವ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ಹೊಕ್ಕು ಬರುವವರು ಮಾತ್ರ ವಿರಳ. 2019ರ ಡಿಸೆಂಬರಿನಲ್ಲಿ ನಾನು ಬಹುವರ್ಷಗಳ ಅನಂತರ ಮತ್ತೆ ಆ ಕಡೆಗೆ ಹೋದೆ. ಆ ಪ್ರದೇಶಕ್ಕೆ ಕಾಲಾ ಘೋಡಾ ಎಂದು ಹೆಸರು. ಏಳನೆಯ ಎಡ್ವರ್ಡ್ ದೊರೆ ಏರಿ ಕುಳಿತಿದ್ದ ಕರಿಯ ಕುದುರೆಯ ಪ್ರತಿಮೆಯೊಂದು ಅಲ್ಲಿತ್ತು. 1965ರಲ್ಲಿ ಅದನ್ನು ರಾಣೀಬಾಗಿಗೆ ಸಾಗಿಸಿದರು. ಹೆಸರು ಮಾತ್ರ ಜಾಗವನ್ನು ಬಿಟ್ಟು ಕದಲಲಿಲ್ಲ. 2017ರಲ್ಲಿ ಹೊಸದೊಂದು ಕುದುರೆ ಬಂದು ನಿಂತಿದೆ. ಅದರ ಬೆನ್ನ ಮೇಲೆ ಸವಾರನಿಲ್ಲ. ದೊರೆ ಇಳಿದುಹೋದ ಮೇಲೆ ಕುದುರೆಗೂ ಹಾಯೆನಿಸಿರಬೇಕು.

ಗ್ಯಾಲರಿಯ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದುಂಟು. 1952ರಲ್ಲಿ ಸರ್ ಕಾವಸ್‌ಜೀ ಜಹಾಂಗೀರರು ಇದನ್ನು ಕಟ್ಟಿಸಿಕೊಟ್ಟರಷ್ಟೆ. ಹಾಗೆ ಮಾಡುವಂತೆ ಅವರನ್ನು ಒತ್ತಾಯಪಡಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರಾದರೆ, ಉಡುಪಿಯ ಸಮೀಪದ ಕಟ್ಟಿಂಗೇರಿಯಿಂದ ಬಂದ ಚಿತ್ರಕಾರ ಕೆ. ಕೆ. ಹೆಬ್ಬಾರರು ಇನ್ನೊಬ್ಬರು. ತೀರಿಹೋದ ಮಗ ಜಹಾಂಗೀರನ ನೆನಪಿಗಾಗಿ ತಂದೆ ಕೊಟ್ಟ ಕಟ್ಟಡವಿದು. ತಂದೆ ಮಕ್ಕಳ ಮಾತು ಬಂದುದರಿಂದ, ನಾನು ಹೇಳಬೇಕೆಂದಿರುವ ಭಾನುವಾರಕ್ಕೇ ಬರುತ್ತೇನೆ.

ಅದು 1981ರ ನವೆಂಬರ್. ನಾನು ಆಗ ಕೋಟೆಯ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಊರಿನ ಗದ್ದೆಯನ್ನು ನೋಡಿಕೊಳ್ಳಲು ನನ್ನನ್ನು ಮರಳಿ ಕರೆದೊಯ್ಯಬೇಕೆಂದು ಅಪ್ಪಯ್ಯ ಉಡುಪಿಯಿಂದ ಬಸ್ಸಿನಲ್ಲಿ ಬಂದಿದ್ದರು. ನಾನು ಒಲ್ಲೆನೆಂದೆ. ಅವರು ಎರಡನೆಯ ಸಲ ಕೇಳಲಿಲ್ಲ. ನಾಲ್ಕು ದಿನ ಒಂದೇ ಕೋಣೆಯಲ್ಲಿ ಉಂಡು ಮಲಗಿದರೂ ನಮ್ಮಿಬ್ಬರ ನಡುವೆ "ನೀರು ಬಂತೇ?" ಎಂಬುದಕ್ಕಿಂತ ದೊಡ್ಡ ಮಾತು ಹುಟ್ಟಲಿಲ್ಲ. ಭಾನುವಾರ ಊರು ತೋರಿಸುವ ನೆಪದಿಂದ ಅವರನ್ನು ಕರೆದುಕೊಂಡು ಹೊರಟೆ. ವಸ್ತುಸಂಗ್ರಹಾಲಯವನ್ನು ನೋಡಿ ಹೊರಬಂದಾಗ ಬಿಸಿಲೇರಿತ್ತು. ಪಕ್ಕದ ಗ್ಯಾಲರಿಗೆ ಪ್ರವೇಶಧನವಿಲ್ಲ. ಒಳಗೆ ತಂಪಾಗಿಯೂ ಇದ್ದಿತು. ನಾವು ಹೋದುದಕ್ಕೆ ಬೇರೆ ಕಾರಣವೇನೂ ಇಲ್ಲ.

ಒಳಗೆ ನಡೆಯುತ್ತಿದ್ದ ಪ್ರದರ್ಶನದ ಹೆಸರು 'ಪ್ಲೇಸ್ ಫಾರ್ ಪೀಪಲ್'. ಜನರಿಗೊಂದು ಎಡೆ ಎನ್ನೋಣ. ಚಿತ್ರಪಟದಿಂದ ಮನುಷ್ಯನ ಆಕೃತಿ ಮರೆಯಾಗಿ ಬರಿಯ ಬಣ್ಣ ರೇಖೆಗಳೇ ಉಳಿಯುವುದು ದೊಡ್ಡ ಕಲೆಯೆಂದು ಹಲವರು ನಂಬಿದ್ದ ಕಾಲವದು. ಭೂಪೇನ್ ಖಖ್ಖರ್, ಗುಲಾಮ್ ಮೊಹಮ್ಮದ್ ಶೇಖ್, ವಿವಾನ್ ಸುಂದರಂ, ನಳಿನಿ ಮಲಾನಿ, ಸುಧೀರ್ ಪಟವರ್ಧನ್, ಜೋಗೇನ್ ಚೌಧುರಿ ಎಂಬ ಆರು ಮಂದಿ ಒಟ್ಟಾಗಿ, ಇಲ್ಲ, ಮನುಷ್ಯ ಪಟದೊಳಕ್ಕೆ ಮರಳಿ ಬರಲಿ, ತನ್ನ ಮನೆಮಂದಿಯನ್ನೂ ಬೀದಿಯನ್ನೂ ಜತೆಗೆ ಕರೆತರಲಿ ಎಂದರು. ಅವರ ಪರವಾಗಿ ವಿಮರ್ಶಕಿ ಗೀತಾ ಕಪೂರ್ ದೀರ್ಘ ಲೇಖನವನ್ನೇ ಬರೆದರು. ಮುಂಬಯಿಯ ಅನಂತರ ಪ್ರದರ್ಶನ ದೆಹಲಿಯ ರವೀಂದ್ರ ಭವನಕ್ಕೆ ಹೋಯಿತು.

ಎಲ್ಲವೂ ನನಗೆ ಹಿಡಿಸಿದವೆಂದು ಹೇಳಲಾರೆ; ಕೆಲವು ಪಟಗಳು ಉಪದೇಶಕ್ಕೆ ನಿಂತಂತೆ ತೋರಿದವು. ಪಟವರ್ಧನರದು ಬೇರೆಯೇ ರೀತಿ. ಠಾಣೆಯಲ್ಲಿ ಕ್ಷಕಿರಣ ವೈದ್ಯರಾಗಿದ್ದ ಇವರು ಕೆಲಸದ ಹೊತ್ತಿನಲ್ಲಿ ಜನರ ಎಲುಬುಗಳನ್ನು ನೋಡಿ, ಉಳಿದ ಹೊತ್ತಿನಲ್ಲಿ ಅದೇ ಜನರ ಮೈಮುಖಗಳನ್ನು ಬರೆದವರು. ಲೋಕಲ್ ಗಾಡಿಯಲ್ಲಿ ದುಡಿಮೆಗೆ ಹೋಗಿಬರುವವರು, ಇರಾನಿ ಹೋಟೆಲಿನಲ್ಲಿ ಕುಳಿತವರು ಇವರ ಪಟಗಳ ನಾಯಕರು. ಮೈಗೆ ಮೈ ತಾಗುವಷ್ಟು ಹತ್ತಿರವಿದ್ದರೂ ಒಬ್ಬರ ಮುಖವನ್ನೊಬ್ಬರು ನೋಡದ ಆ ಸಂಬಂಧವನ್ನು ಮುಂಬಯಿಯಲ್ಲಿ ಬಾಳಿದವರು ಚೆನ್ನಾಗಿ ಬಲ್ಲರು.

ಅಪ್ಪಯ್ಯ ನಿಂತದ್ದು ಖಖ್ಖರರ ಪಟದ ಮುಂದೆ. ಖಖ್ಖರರು ಬಡೋದೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ಕ್ಷೌರದಂಗಡಿ, ದರ್ಜಿಯಂಗಡಿ, ಗಡಿಯಾರ ರಿಪೇರಿಯವನು, ಇಂಥವನ್ನೆಲ್ಲ ಸಂಕೋಚವಿಲ್ಲದೆ ಪಟಕ್ಕೆ ತಂದವರು. ಆ ವರ್ಷದ ದೊಡ್ಡ ಪಟಕ್ಕೆ ಅವರಿಟ್ಟ ಹೆಸರಿನ ಅರ್ಥ, ಎಲ್ಲರನ್ನೂ ಮೆಚ್ಚಿಸಲಾಗದು ಎಂದು. ಕೆಳಗೆ ಊರು, ಬೀದಿಯಲ್ಲಿ ತಂದೆ, ಮಗ, ಕತ್ತೆ.

"ಇದು ಕತ್ತೆಯ ಕತೆಯಲ್ಲವೇ ಮಾಣಿ? ನಿನಗೆ ನಾನೇ ಹೇಳಿದ್ದೆನಲ್ಲ" ಎಂದರು ಅಪ್ಪಯ್ಯ. ಐದು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಮಗ ಕತ್ತೆಯನ್ನೇರಿದರೆ ಜನ ನಗುತ್ತಾರೆ, ತಂದೆ ಏರಿದರೆ ಬೈಯುತ್ತಾರೆ, ಇಬ್ಬರೂ ಏರಿದರೆ ಕತ್ತೆಗಾಗಿ ಮರುಗುತ್ತಾರೆ. ಒಂದೇ ಪಟದಲ್ಲಿ ಆ ತಂದೆ ಮಕ್ಕಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಅಪ್ಪಯ್ಯ ಅವರನ್ನು ಬೆರಳಿನಿಂದ ಒಬ್ಬೊಬ್ಬರನ್ನಾಗಿ ಹುಡುಕಿದರು. ಆಮೇಲೆ ಅವರ ಕಣ್ಣು ಮುಂಭಾಗದ ಉಪ್ಪರಿಗೆಗೆ ಹೋಯಿತು. ಅಲ್ಲಿ ಮೈಮೇಲೆ ನೂಲಿಲ್ಲದ ನಡುವಯಸ್ಸಿನ ಗಂಡಸೊಬ್ಬ ನಮಗೆ ಬೆನ್ನು ಹಾಕಿ, ಬೀದಿಯ ಕಡೆ ನೋಡುತ್ತ ನಿಂತಿದ್ದಾನೆ. ನಾನು ನಾಚಿಕೆಯಿಂದ ಅತ್ತ ಸರಿದೆ. ಅಪ್ಪಯ್ಯ ಸರಿಯಲಿಲ್ಲ. ಬಹಳ ಹೊತ್ತು ನೋಡಿ, "ಇವನಿಗೆ ಚಳಿಯಾಗುವುದಿಲ್ಲವೇ?" ಎಂದರು.

ಆ ಗಂಡಸು ಖಖ್ಖರರೇ ಎಂಬುದೂ, ಪುರುಷರ ಮೇಲಣ ತಮ್ಮ ಒಲವನ್ನು ಬಹುಕಾಲ ಮುಚ್ಚಿಟ್ಟುಕೊಂಡಿದ್ದ ಅವರು ಅದನ್ನು ಬಯಲಿಗೆ ತಂದ ಪಟ ಅದೆಂಬುದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪಯ್ಯನಿಗೆ ಇದಾವುದೂ ತಿಳಿದಿರಲಿಲ್ಲ. ಆದರೆ ಮನೆಯವರಿಂದಲೂ ಊರಿನವರಿಂದಲೂ ಒಂದು ಮಹಡಿ ದೂರ ನಿಂತವನನ್ನು ಅವರು ಗುರುತಿಸಿದರು.

ಗ್ಯಾಲರಿಯಲ್ಲಿಯೇ ಇದ್ದ ಸಮೋವಾರ್ ಎಂಬ ಉದ್ದನೆಯ ಉಪಾಹಾರಗೃಹದಲ್ಲಿ ಚಹ ಕುಡಿದೆವು. ಅದೂ 2015ರಲ್ಲಿ ಮುಚ್ಚಿಹೋಯಿತು. ಅಂದು ಅಪ್ಪಯ್ಯ ಗದ್ದೆಯ ಬೆಳೆಯ ಸುದ್ದಿ ಹೇಳಿದರು. ನನ್ನ ಸಂಬಳವೆಷ್ಟೆಂದು ಕೇಳಿದರು. ಮರಳಿ ಬಾ ಎನ್ನಲಿಲ್ಲ. ಮರುದಿನ ಬಸ್ಸು ಹತ್ತಿದರು.

ಈ ಸಲ ನಾನು ಹೋದದ್ದು ಸಮೀಪದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪಟವರ್ಧನರ ಜೀವಮಾನದ ಚಿತ್ರಗಳ ಪ್ರದರ್ಶನಕ್ಕೆ. ಅಲ್ಲಿಂದ ಹೊರಟು ಜಹಾಂಗೀರಿನ ಅದೇ ಗೋಡೆಗಳ ಮುಂದೆ ಒಬ್ಬನೇ ಸುತ್ತಿ ಬಂದೆ. ಖಖ್ಖರರು 2003ರಲ್ಲಿ ತೀರಿಕೊಂಡರು, ಸುಂದರಂ 2023ರಲ್ಲಿ. ಕತ್ತೆಯ ಪಟ ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಸೇರಿದ್ದು 1996ರಲ್ಲಿ. ಊರಿಗೆ ಹೋದಾಗ ಅಪ್ಪಯ್ಯನಿಗೆ ಆ ಸುದ್ದಿಯನ್ನು ತಿಳಿಸಿದ್ದೆ. ಜಗಲಿಯಲ್ಲಿ ಅಡಕೆ ಹೋಳು ಮಾಡುತ್ತಿದ್ದವರು ಕತ್ತರಿಯನ್ನು ಹಿಡಿದ ಕೈ ನಿಲ್ಲಿಸಿ, "ಲಂಡನ್ನಿಗೇ? ಅಲ್ಲಿ ಚಳಿ ಇನ್ನೂ ಹೆಚ್ಚಂತಲ್ಲ" ಎಂದರು.