ಊರ ಮುಂದೆ ಓದುತ್ತಿದ್ದ ಲೆಕ್ಕ

ನಾಟಕ ಆಡಿದ ಎರಡು ಮೂರು ದಿನಕ್ಕೆ ಊರು ಮತ್ತೊಮ್ಮೆ ದೇವಸ್ಥಾನದ ಜಗಲಿಯಲ್ಲಿ ಸೇರುತ್ತಿತ್ತು. ಓದು ಬರಹ ಬಲ್ಲವರೊಬ್ಬರು ಲೆಕ್ಕದ ಪುಸ್ತಕ ಬಿಡಿಸಿ, ಯಾವ ಮನೆಯ ವಂತಿಗೆ ಎಷ್ಟು ಬಂತು, ಸೀನರಿಯವರಿಗೆ ಎಷ್ಟು ಹೋಯಿತು, ಪೇಟಿ ಮೇಷ್ಟ್ರಿಗೆ ಎಷ್ಟು, ಗ್ಯಾಸ್‌ಲೈಟಿನ ಸೀಮೆಎಣ್ಣೆಗೆ ಎಷ್ಟು ಎಂದು ಗಟ್ಟಿಯಾಗಿ ಓದುತ್ತಿದ್ದರು. ‘ಅದೊಂದ್ ಇನ್ನೊಂದ್ಸಲ ಓದಿ’ ಎಂದು ಯಾರಾದರೂ ಕೂಗಿದರೆ ಓದಲೇಬೇಕು. ಉಳಿದ ಹಣ ದೇವರಿಗೋ ಮುಂದಿನ ವರ್ಷದ ನಾಟಕಕ್ಕೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತಿತ್ತು. ಸಕಲೇಶಪುರ, ಆಲೂರು ಸೀಮೆಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ನಾಟಕದಷ್ಟೇ ಆ ಲೆಕ್ಕದ ಸಭೆಯೂ ನೆನಪಿದೆ. ನಾಟಕ ಕಡಿಮೆಯಾದದ್ದನ್ನು ಎಲ್ಲರೂ ಹೇಳುತ್ತಾರೆ. ಆ ಸಭೆ ನಿಂತುಹೋದದ್ದನ್ನು ಯಾರೂ ಹೇಳುವುದಿಲ್ಲ.

ಗದ್ದೆಯ ಒಕ್ಕಣೆ, ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವ ಹೊತ್ತಿಗೆ ಪೇಟಿ ಮೇಷ್ಟ್ರು ಬಂದು ಊರಲ್ಲೇ ಉಳಿಯುತ್ತಿದ್ದರು. ಅವರ ಊಟ ಸರದಿಯ ಮೇಲೆ ಒಂದೊಂದು ಮನೆಯಲ್ಲಿ, ರಾತ್ರಿ ತಾಲೀಮು. ಕುರುಕ್ಷೇತ್ರವಾದರೆ ಕೃಷ್ಣ, ದುರ್ಯೋಧನನ ಪಾತ್ರ ಬೇಕೆನ್ನುವವರು ಹೆಚ್ಚು ದುಡ್ಡು ಕಟ್ಟಬೇಕಿತ್ತು. ದೂತನ ಪಾತ್ರ ಅಗ್ಗ. ಪ್ರದರ್ಶನದ ರಾತ್ರಿ ಒಂದು ಕಂದ ಚೆನ್ನಾಗಿ ಹಾಡಿದರೆ ಐದು ರೂಪಾಯಿ ಬಹುಮಾನ ಕೊಟ್ಟವರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಿದ್ದರು. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬುದು ಎಲ್ಲರ ಕಿವಿಗೂ ಬೀಳುತ್ತಿತ್ತು. ಸುಗ್ಗಿ ಹಬ್ಬದ್ದು ಇನ್ನೂ ಕಟ್ಟುನಿಟ್ಟು. ಹಬ್ಬ ಬಂತೆಂದು ಊರಿಗೆ ಸಾರು ಹಾಕಿದ ದಿನದಿಂದ ಹಸಿ ಮರ ಕಡಿಯುವಂತಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಯಾವ ಮನೆಯವರು ಏನು ಕೊಡಬೇಕು, ಯಾರು ಕುಣಿಯಬೇಕು ಎಂಬುದನ್ನು ಊರೇ ನಡೆಸಿಕೊಂಡು ಬರುತ್ತಿತ್ತು.

ಆ ಕಾಲ ಎಲ್ಲರಿಗೂ ಒಳ್ಳೆಯದಾಗಿತ್ತು ಎನ್ನಲಾರೆ. ಜಗಲಿಯ ಮೇಲೆ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲ. ಇಡೀ ರಾತ್ರಿ ವಾದ್ಯ ಬಾರಿಸಿದವರು, ತೋಟದ ಲೈನ್ ಮನೆಗಳ ಕೂಲಿಯವರು ಅಂಗಳದ ಅಂಚಿನಲ್ಲಿ ನಿಂತು ಲೆಕ್ಕ ಕೇಳುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಆದ್ದರಿಂದಲೇ ಬೆಳ್ಳೇಕೆರೆಯ ಹೆಸರು ನನಗೆ ದೊಡ್ಡದು. ಸಕಲೇಶಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ತೋಟದ ಕಾರ್ಮಿಕರು, ಸಣ್ಣ ರೈತರು ಜೈ ಕರ್ನಾಟಕ ಸಂಘ ಕಟ್ಟಿಕೊಂಡು ತಾವೇ ಬಣ್ಣ ಹಚ್ಚಿದರು. ಪ್ರಸಾದ್ ರಕ್ಷಿದಿ ಅವರ ‘ಬೆಳ್ಳೇಕೆರೆಯ ಹಳ್ಳಿ ಥೇಟರ್’ ಆ ಅನುಭವದ ಪುಸ್ತಕ. ಅಂಚಿನಲ್ಲಿ ನಿಂತವರು ರಂಗದ ಮೇಲೆ ಬಂದರೆ ಊರು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಈ ಬೆಟ್ಟಗಳಲ್ಲೇ ಸಾಕ್ಷಿ ಇದೆ.

ಸರ್ಕಾರದ ಹಣವೂ ಇಂಥ ಬದಲಾವಣೆಗಾಗಿಯೇ ಬರಬೇಕಾದದ್ದು. ನಮ್ಮ ರಾಜ್ಯದಲ್ಲಿ ಸಂಗೀತ ನಾಟಕ ಅಕಾಡೆಮಿ ಹುಟ್ಟಿದ್ದು 1959ರಲ್ಲಿ. ಆಮೇಲೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಬಂತು; ಜಾನಪದಕ್ಕೆ, ಯಕ್ಷಗಾನಕ್ಕೆ, ಬಯಲಾಟಕ್ಕೆ ಅಕಾಡೆಮಿಗಳಾದವು. ಸಂಘಗಳಿಗೆ ಧನಸಹಾಯ, 58 ದಾಟಿದ ಬಡ ಕಲಾವಿದರಿಗೆ ಮಾಸಾಶನ ಸಿಗತೊಡಗಿತು. ಸಾಹುಕಾರರ ಮನೆ ಬಾಗಿಲಲ್ಲಿ ನಿಲ್ಲದೆ ಒಬ್ಬ ಮುದುಕ ತನ್ನ ತಮಟೆಯ ಮರ್ಯಾದೆಯಲ್ಲಿ ಬದುಕಬಹುದು ಎಂಬುದು ಸಣ್ಣ ಮಾತಲ್ಲ.

ಆದರೆ ಆ ಹಣದ ಲೆಕ್ಕ ಊರಿಗೆ ಬರುವುದಿಲ್ಲ. ಸಂಘ ನೋಂದಣಿಯಾಗಿರಬೇಕು, ಆಡಿಟ್ ವರದಿ ಬೇಕು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಕಾರ್ಯಕ್ರಮದ ಫೋಟೊ, ಬಿಲ್ಲು, ಹಣ ಬಳಕೆಯ ಪ್ರಮಾಣಪತ್ರ ಕೊಡಬೇಕು. ತೆರಿಗೆಯ ದುಡ್ಡಿಗೆ ಇವೆಲ್ಲ ಬೇಕೇಬೇಕು. ಆದರೆ ಕಾಗದವೆಲ್ಲ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ನಾಟಕ ಆಯಿತೇ, ಎಷ್ಟು ಜನ ನೋಡಿದರು, ಹಾಡಿದವರಿಗೆ ಎಷ್ಟು ಸಿಕ್ಕಿತು ಎಂಬುದನ್ನು ಕಣ್ಣಾರೆ ಕಂಡ ಊರವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಸುಗ್ಗಿ ಕುಣಿಯುವವರಿಗೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಲೆಟರ್‌ಹೆಡ್ ಇಲ್ಲ. ಹಾಗಾಗಿ ಅರ್ಜಿ ಬರೆಯಲು ಬಲ್ಲವರಿಗೆ ಅನುಕೂಲ, ಕುಣಿಯಲಷ್ಟೇ ಬಲ್ಲವರಿಗೆ ತೊಡಕು. ಬೆಳಗಾಗುವವರೆಗೆ ಕುಣಿಯುತ್ತಿದ್ದವರು ಉತ್ಸವದ ಮೆರವಣಿಗೆಯಲ್ಲಿ ಕಾಲು ಗಂಟೆ ಕುಣಿದು ಬಸ್ಸು ಹತ್ತುತ್ತಾರೆ.

ಕಲೆ ಸೊರಗಿದ್ದಕ್ಕೆ ಬೇರೆ ಕಾರಣಗಳೂ ಇವೆ. ಹುಡುಗರು ಬೆಂಗಳೂರು ಸೇರಿದರು. ತೋಟದ ಲೈನುಗಳಿಗೆ ಅಸ್ಸಾಮಿನ ಕಡೆಯ ಕೆಲಸಗಾರರು ಬಂದರು. ಅವರ ಹಾಡು ಕುಣಿತ ಏನೆಂದು ನಾವಿನ್ನೂ ವಿಚಾರಿಸಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಆನೆ. ಹೈಕೋರ್ಟ್ ನೇಮಿಸಿದ ಕಾರ್ಯಪಡೆಯ ವರದಿಯ ನಂತರ 2014ರ ಹೊತ್ತಿಗೆ ಆಲೂರು–ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ತಪ್ಪಲಿಲ್ಲ. ಹಿಂದೆ ಟಾರ್ಚು ಹಿಡಿದು ಮೂರು ಮೈಲಿ ನಡೆದು ನಾಟಕ ನೋಡಿ ಬರುತ್ತಿದ್ದ ಹೆಂಗಸರು, ಮಕ್ಕಳು ಈಗ ಕತ್ತಲಾದ ಮೇಲೆ ಅಂಗಳ ದಾಟಲು ಹೆದರುತ್ತಾರೆ. ರಾತ್ರಿಯೇ ಇಲ್ಲವಾದ ಊರಿಗೆ ಅಹೋರಾತ್ರಿ ನಾಟಕ ಎಲ್ಲಿಂದ ಬರಬೇಕು? ಇದನ್ನು ಅನುದಾನ ಒಂದೇ ಸರಿಪಡಿಸಲಾರದು.

ಲೆಕ್ಕದ ಸಭೆಯನ್ನಾದರೂ ಮತ್ತೆ ನಡೆಸಬಹುದು. ಅದಕ್ಕೆ ಹೊಸ ಕಾನೂನು ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಸಹಾಯಧನ ಕೊಡುವ ಕಚೇರಿಗಳು ಯಾರಿಗೆ ಎಷ್ಟು ಕೊಟ್ಟೆವೆಂದು ಯಾರೂ ಕೇಳದಿದ್ದರೂ ತಾವಾಗಿಯೇ ಪ್ರಕಟಿಸಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ನಮಗೆ ಗ್ರಾಮಸಭೆ ಇದೆ. ಆಯಾ ವರ್ಷ ನಮ್ಮ ಪಂಚಾಯಿತಿಯ ಯಾವ ತಂಡಕ್ಕೆ, ಯಾವ ಕಲಾವಿದರಿಗೆ ಎಷ್ಟು ಬಂತು ಎಂದು ಅಲ್ಲಿ ಓದಲಿ. ಹಣ ಪಡೆದ ತಂಡ ನಮ್ಮೂರಲ್ಲಿ ಒಂದು ಹಗಲು ನಾಟಕವನ್ನಾದರೂ ಆಡಿ, ಖರ್ಚನ್ನು ಮೈಕಿನಲ್ಲೇ ಹೇಳಲಿ. ಇನ್ನೂ ಅರ್ಜಿ ಹಾಕದ ಸೋಬಾನೆ ಹಾಡುವ ಅಜ್ಜಿಯ, ತಮಟೆಯವರ ಹೆಸರನ್ನು ಗ್ರಾಮಸಭೆಯೇ ಬರೆದು ಕಳಿಸಲಿ. ಈ ಸಲ ಯಾರೂ ಅಂಗಳದ ಅಂಚಿನಲ್ಲಿ ನಿಲ್ಲಬೇಕಿಲ್ಲ, ಲೈನಿನವರೂ ಕೇರಿಯವರೂ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಬಹುದು. ಹಳೆಯ ಸಭೆಯಲ್ಲಿ ಇಲ್ಲದಿದ್ದ ನ್ಯಾಯ ಅದು. ಸಾರ್ವಜನಿಕ ಹಣ ನಮ್ಮ ಬೆಟ್ಟಗಳಿಗೆ ಇನ್ನೂ ಉಳಿಸಿಕೊಂಡಿರುವ ಬಾಕಿಯೂ ಅದೇ.