ಪಟ್ಟಾಭಿಷೇಕದ ತರುವಾಯ

ರಾಮಾಯಣದ ಪಾರಾಯಣವನ್ನು ಪಟ್ಟಾಭಿಷೇಕಕ್ಕೆ ಮುಗಿಸಿ ಮಂಗಳಾರತಿ ಎತ್ತುವ ಮನೆಗಳು ಇಂದಿಗೂ ಉಂಟು. ಉತ್ತರಕಾಂಡವನ್ನು ತೆರೆದರೆ ಸೀತೆ ಮತ್ತೆ ಕಾಡಿಗೆ ಹೋಗಬೇಕಲ್ಲ! ವಿಡಿಯೊ ಗೇಮುಗಳ ಲೋಕದಲ್ಲಿಯೂ ಅಂತಹದೊಂದು ಉತ್ತರಕಾಂಡವಿದೆ. ಅದನ್ನು ಆಡಬೇಕೋ ಬಿಡಬೇಕೋ ಎಂಬ ಜಿಜ್ಞಾಸೆ ಕಾಲು ಶತಮಾನ ಕಳೆದರೂ ತೀರಿಲ್ಲ.

ಅದರ ಪೂರ್ವಕಥೆ ‘ಕ್ರೋನೋ ಟ್ರಿಗರ್’. ಜಪಾನಿನ ಸ್ಕ್ವೇರ್ ಸಂಸ್ಥೆ 1995ರಲ್ಲಿ ಹೊರತಂದ ಈ ಆಟದಲ್ಲಿ ಆಡುವವನು ತಾನೇ ಕಥಾನಾಯಕನ ಪಾತ್ರ ವಹಿಸಿ, ಜತೆಗಾರರನ್ನು ಕೂಡಿಸಿಕೊಂಡು, ಯುಗಯುಗಗಳಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುತ್ತಾನೆ. 1999ರಲ್ಲಿ ಭೂಗರ್ಭದಿಂದ ಮೇಲೆದ್ದು ಲೋಕವನ್ನು ಸುಡಲಿರುವ ಲಾವೋಸ್ ಎಂಬ ಘೋರಜೀವಿಯನ್ನು ವಧಿಸಿ ಪ್ರಳಯವನ್ನು ತಪ್ಪಿಸುತ್ತಾನೆ. ಬಾಣಬಿರುಸು, ಮೆರವಣಿಗೆ, ನಗೆಮೊಗದ ಬೀಳ್ಕೊಡುಗೆ, ಇನ್ನೇನು ಬೇಕು?

ಕಾಕತಾಳೀಯವೋ ಏನೋ, ಪ್ರಳಯಕ್ಕೆ ಗೊತ್ತುಮಾಡಿದ್ದ ಆ 1999ರಲ್ಲಿಯೇ ಅದರ ಮುಂದಿನ ಭಾಗವಾದ ‘ಕ್ರೋನೋ ಕ್ರಾಸ್’ ಹೊರಬಂದಿತು. ಮೊದಲ ಆಟದ ಕಥೆ ಹೆಣೆದವರಲ್ಲೊಬ್ಬರಾದ ಮಸಾಟೊ ಕಾಟೊ ಅವರದೇ ನಿರ್ದೇಶನ. ಹಳೆಯ ಗೆಳೆಯರನ್ನು ಕಾಣುವ ಹಂಬಲದಿಂದ ಬಂದವನಿಗೆ ಇಲ್ಲಿ ಎದುರಾಗುವವನು ಬೆಸ್ತರ ಹಳ್ಳಿಯ ಹುಡುಗ ಸರ್ಜ್. ಅವನು ಒಂದು ದಿನ ಕಡಲ ದಂಡೆಯಿಂದ ಬೇರೊಂದು ಲೋಕಕ್ಕೆ ಜಾರಿ ಬೀಳುತ್ತಾನೆ. ಊರು ಅದೇ, ಮನೆಗಳು ಅವೇ. ಅವನ ಗುರುತು ಮಾತ್ರ ಯಾರಿಗೂ ಇಲ್ಲ. 10 ವರ್ಷಗಳ ಹಿಂದೆಯೇ ಅಲ್ಲಿ ಅವನು ತೀರಿಹೋಗಿದ್ದಾನೆ. ಭೂಶಿರದ ತುದಿಯಲ್ಲಿ ಅವನು ತನ್ನದೇ ಗೋರಿಯ ಕಲ್ಲಿನ ಮುಂದೆ ನಿಲ್ಲುವ ಗಳಿಗೆಗೆ ಸಾಟಿಯಾದದ್ದು ಈ ಬಗೆಯ ಆಟಗಳಲ್ಲಿ ವಿರಳ.

ಕುಂದುಗಳಿಲ್ಲವೆಂದಲ್ಲ. ಜತೆಗಾರರಾಗಿ ಬರುವವರು 40ಕ್ಕೂ ಹೆಚ್ಚು; ಬಹುಮಂದಿ ಮದುವೆಮನೆಯ ದೂರದ ನೆಂಟರಂತೆ ಹೆಸರು ಹೇಳಿ ಪಂಕ್ತಿಯಲ್ಲಿ ಮರೆಯಾಗುತ್ತಾರೆ. ಕಥೆಯ ಗಂಟನ್ನು ಕೊನೆಕೊನೆಗೆ ಉದ್ದುದ್ದ ಮಾತುಗಳಲ್ಲಿ ಅವಸರದಿಂದ ಬಿಚ್ಚಲಾಗಿದೆ. ಯಸುನೋರಿ ಮಿತ್ಸುದಾ ಅವರ ಸಂಗೀತವೊಂದು ಆಕ್ಷೇಪಕ್ಕೆ ಎಡೆಗೊಡದು.

ಆದರೆ ಹಳಬರ ಕೋಪ ಇವುಗಳ ಮೇಲಲ್ಲ. ಮೊದಲ ಆಟದಲ್ಲಿ ಯಂತ್ರಗಳನ್ನು ಕಟ್ಟುತ್ತಿದ್ದ ಜಾಣೆ ಲುಕ್ಕಾ ಮುಂದೆ ನಡೆಸಿದ ಅನಾಥಾಲಯ ಇಲ್ಲಿ ಬೆಂಕಿಗೆ ಆಹುತಿಯಾಗುತ್ತದೆ. ಹಳೆಯ ವೀರರು ಮಕ್ಕಳ ರೂಪದ ಛಾಯೆಗಳಾಗಿ ಸುಳಿಯುತ್ತಾರೆ, ಅಷ್ಟೆ. ಗೆದ್ದುದನ್ನೆಲ್ಲ ಕಸಿದುಕೊಂಡಂತೆ ಅವರಿಗೆ ಭಾಸವಾದರೆ ಆ ದುಃಖ ನ್ಯಾಯವಾದದ್ದೇ. ಆದರೂ ‘ಮೃತ ಸಮುದ್ರ’ದ ಘಟ್ಟವನ್ನು ನೋಡದೆ ತೀರ್ಪು ಕೊಡಲಾಗದು. ಅಲೆಗಳು ಹೆಪ್ಪುಗಟ್ಟಿ ನಿಂತ ಆ ಕಡಲಿನಲ್ಲಿ ಮುರಿದ ಹೆದ್ದಾರಿ, ಪಾಳುಬಿದ್ದ ನಗರ. ಮೊದಲ ಆಟದವರು ಅಳಿಸಿಹಾಕಿದ ಭವಿಷ್ಯದ ಅವಶೇಷಗಳಿವು. ಅದು ಕೇಡಿನ ಕಾಲವೇ ಇರಬಹುದು. ಅದರಲ್ಲಿಯೂ ಹುಟ್ಟಬೇಕಾಗಿದ್ದ ಜನರಿದ್ದರಲ್ಲ, ಅವರ ಗತಿಯೇನು? ಬಾಣಬಿರುಸಿನ ಸದ್ದಿನಲ್ಲಿ ಯಾರಿಗೂ ಹೊಳೆಯದಿದ್ದ ಈ ಪ್ರಶ್ನೆಯೊಂದಕ್ಕಾಗಿಯೇ ಇದನ್ನು ಆಡಬೇಕು.

ಮೊದಲ ಆಟವನ್ನು ಮುಗಿಸದೆ ಮಾತ್ರ ಕೈಹಾಕಬಾರದು. ಲೆಕ್ಕ ಕೇಳುವವನ ಎದುರು ಸಾಲ ಮಾಡದವನು ಕುಳಿತಂತಾದೀತು. 2022ರಲ್ಲಿ ಇದನ್ನು ನವೀಕರಿಸಿ ಮತ್ತೆ ಹೊರತಂದಿರುವುದರಿಂದ ಹಳೆಯ ಯಂತ್ರಕ್ಕಾಗಿ ಅಲೆಯಬೇಕಾಗಿಲ್ಲ. ಇನ್ನೊಂದು ಸಂಗತಿ: ಕಡೆಯ ಶತ್ರುವನ್ನು ಬರಿಯ ಹೊಡೆತದಿಂದ ಕೆಡವಿದರೆ ಆಟ ಮುಗಿಯುತ್ತದೆಯೇ ಹೊರತು ಕಥೆ ಮುಗಿಯದು. 6 ಬಣ್ಣಗಳ ಶಕ್ತಿಗಳನ್ನು ಒಂದಾದಮೇಲೊಂದು ತಕ್ಕ ಕ್ರಮದಲ್ಲಿ ನುಡಿಸಬೇಕು. ಏಳನೆಯದಾಗಿ ‘ಕ್ರೋನೋ ಕ್ರಾಸ್’ ಅನ್ನೇ ಪ್ರಯೋಗಿಸಬೇಕು. ನಡುವೆ ಶತ್ರುವೇ ಒಂದು ಅಪಸ್ವರ ಸೇರಿಸಿದರೆ ಮೊದಲಿನಿಂದ ಆರಂಭ.