ಬಾರ್‌ಸ್ಟೋ ಬಂತು

ಆರು ತಿಂಗಳಿಗೆಂದು ಅಮೆರಿಕದ ಮಗನ ಮನೆಗೆ ಹೋದವರಿಗೆ ಐದೂವರೆ ತಿಂಗಳಾಗುತ್ತಿದ್ದಂತೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಂಡದ್ದನ್ನೆಲ್ಲ ತೂಕ ಹಾಕುವ ಕಾಯಿಲೆ. ತಲೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕಿಲೋ. ನನ್ನ ಹೆಂಡತಿ ಬಚ್ಚಲಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ತಬ್ಬಿಕೊಂಡು ಒಮ್ಮೆ, ಬರಿಗೈಯಲ್ಲಿ ಇನ್ನೊಮ್ಮೆ ನಿಂತು ಕಳೆಯುವ ಲೆಕ್ಕ ಮಾಡುತ್ತಿದ್ದಳು. ಬರಿಗೈಯ ತೂಕ ವಾರದಿಂದ ವಾರಕ್ಕೆ ಏರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಅಂಥ ಹೊತ್ತಿನಲ್ಲಿ ಮಗ, "ಗ್ರ್ಯಾಂಡ್ ಕ್ಯಾನ್ಯನ್ ನೋಡದೆ ಹೋಗ್ತೀರಾ? ಕಾರಲ್ಲೇ ಹೋಗ್ಬರೋಣ ನಡೀರಿ" ಅಂದ. ಸ್ಯಾನ್ ಹೊಸೆಯಿಂದ ಹೋಗುವುದಕ್ಕೇ ಸುಮಾರು 1,200 ಕಿಲೋಮೀಟರು. ಮೈಸೂರಿನಿಂದ ಹೊರಟರೆ ಮುಂಬೈ ದಾಟಿಬಿಡುವಷ್ಟು. ದಸರಾ ಆಗಲೇ ತಪ್ಪಿಹೋಗಿತ್ತು. ಮನಸ್ಸು ದೀಪಾವಳಿಗೆ ಮೈಸೂರು ಸೇರಿಕೊಂಡಿತ್ತು. ದೇಹವೊಂದು ಖಾಲಿ ಇತ್ತಲ್ಲ, ಹೊರಟೆ.

ಮುಂದಿನ ಸೀಟು ಹಿರಿಯನಾದ ನನಗೆ ಸಲ್ಲಬೇಕಾದದ್ದು. ಆದರೆ ಹೆಂಡತಿಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆ. ಮೂಸಲು ಒಂದು ನಿಂಬೆಹಣ್ಣು ಹಿಡಿದುಕೊಂಡು ಅವಳು ಮುಂದೆ ಕೂತಳು. ಹಿಂದೆ ನಾನು, ಸೊಸೆ, ನಡುವೆ ಐದು ವರ್ಷದ ಮೊಮ್ಮಗಳು. ಡಿಕ್ಕಿಯಲ್ಲಿ ಚಪಾತಿ, ಚಟ್ನಿಪುಡಿ, ಊರಿಂದ ತಂದಿದ್ದ ಪುಳಿಯೋಗರೆ ಗೊಜ್ಜಿನ ಕೊನೆಯ ಬಾಟಲಿ.

ದಾರಿಯ ಮೊದಲ ಭಾಗವೆಲ್ಲ ಬಾದಾಮಿ ತೋಟ. ಜಗತ್ತಿನ ಬಾದಾಮಿಯಲ್ಲಿ ಐದರಲ್ಲಿ ನಾಲ್ಕು ಪಾಲು ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲೇ. ಅಲ್ಲಿಂದ ಹಿಂದಿರುಗುವವರೆಲ್ಲ ನೆಂಟರಿಗೆ ಬಾದಾಮಿ ಹೊರುತ್ತಾರೆ. ದೇವರಾಜ ಮಾರುಕಟ್ಟೆಯ ಅಂಗಡಿಯವನು ಪೊಟ್ಟಣ ಕಟ್ಟುವುದೂ ಕ್ಯಾಲಿಫೋರ್ನಿಯಾ ಬಾದಾಮಿಯನ್ನೇ. ಇದನ್ನು ಹೇಳಿದ್ದಕ್ಕೆ ಮುಂದಿನ ಸೀಟಿನಿಂದ ಉತ್ತರ ಬರಲಿಲ್ಲ. ನಾಲ್ಕು ಕಿಲೋ ಆಗಲೇ ಪೆಟ್ಟಿಗೆ ಸೇರಿತ್ತು.

ಮೊಮ್ಮಗಳು ಅರ್ಧ ಗಂಟೆಗೊಮ್ಮೆ "ಬಂತಾ?" ಅನ್ನುತ್ತಿದ್ದಳು. ಈ ಆರು ತಿಂಗಳಲ್ಲಿ ನಮ್ಮಿಂದ ಅವಳಿಗೆ ದಕ್ಕಿದ ಕನ್ನಡದಲ್ಲಿ ಇದೂ ಒಂದು. ಇಂಗ್ಲಿಷಿನವರು ತಾವು ಊರನ್ನು ತಲುಪುತ್ತಾರೆ. ನಾವು ಕೂತಲ್ಲೇ ಕೂತಿರುತ್ತೇವೆ, ಊರೇ ಎದ್ದು ಬರುತ್ತದೆ. ಮಂಡ್ಯ ಬಂತು, ಮದ್ದೂರು ಬಂತು, ವಡೆ ಬಂತು. ಚಿಕ್ಕವನಿದ್ದಾಗ ರೈಲಿನಲ್ಲಿ ಕೂತು ನಾನಿದನ್ನು ಅಕ್ಷರಶಃ ನಂಬಿದ್ದೆ. ಇಲ್ಲಂತೂ ಮಗ ವೇಗವನ್ನು ಗುಂಡಿಯೊಂದಕ್ಕೆ ಒಪ್ಪಿಸಿ ಕಾಲು ಸಡಿಲ ಬಿಟ್ಟಿದ್ದ. ಗಾಜಿನಾಚೆ ಬೇಕರ್ಸ್‌ಫೀಲ್ಡ್ ಬಂತು, ಟೆಹಾಚಪಿ ಗುಡ್ಡದ ಗಾಳಿಯಂತ್ರಗಳು ಬಂದವು, ಬಾರ್‌ಸ್ಟೋ ಬಂತು. ಅಲ್ಲಿಂದಾಚೆ ಬರೀ ಮೊಹಾವಿ ಮರುಭೂಮಿ. ಬರುವುದಕ್ಕೆ ಊರುಗಳೇ ಇಲ್ಲ.

ಆ ಬಯಲಿನಲ್ಲಿ ಮಗ ಮಾತು ಶುರುಮಾಡಿದ.

ಐದೂವರೆ ತಿಂಗಳು ಒಂದೇ ಸೂರಿನಡಿ ಇದ್ದೆವಲ್ಲ, ಅವನು ಯಾವಾಗಲೂ ಯಾವುದೋ ಮೀಟಿಂಗಿನಲ್ಲಿ. ಊಟಕ್ಕೆ ಕೂತಾಗ "ಹೇಗಿದೆಯಪ್ಪ ಕೆಲಸ?" ಅಂದರೆ "ಚೆನ್ನಾಗಿದೆ", ಅಷ್ಟೆ. ಈಗ ರಸ್ತೆಯಿಂದ ಕಣ್ಣು ಕೀಳದೆ, ಎರಡು ವರ್ಷದ ಹಿಂದೆ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತಿದ್ದನ್ನು ಹೇಳಿದ. ಆ ನಾಲ್ಕು ತಿಂಗಳೂ ನಾವು ಭಾನುವಾರ ಭಾನುವಾರ ವಿಡಿಯೋ ಕಾಲ್ ಮಾಡಿದ್ದೆವು. ಅವನು ಇಸ್ತ್ರಿ ಅಂಗಿ ತೊಟ್ಟು ಕೂರುತ್ತಿದ್ದ. ಸೊಸೆ ಕಣ್ಣು ಮುಚ್ಚಿದ್ದಳು, ನಿದ್ದೆ ಇರಲಾರದು.

ನನಗೆ ಕಾಣುತ್ತಿದ್ದದ್ದು ಅವನ ಹಿಂದಲೆ ಮಾತ್ರ. ಆ ಹಿಂದಲೆ ನನಗೆ ಚೆನ್ನಾಗಿ ಗೊತ್ತು. ಬಜಾಜ್ ಸ್ಕೂಟರಿನ ಮುಂದೆ, ನನ್ನ ಎರಡು ಕೈಗಳ ನಡುವೆ ನಿಂತು ಅವನು ಸ್ಕೂಲಿಗೆ ಹೋಗುತ್ತಿದ್ದ ದಿನಗಳಲ್ಲಿ ಸರಸ್ವತಿಪುರಂನಿಂದ ಗೇಟಿನ ತನಕ ಆ ತಲೆ ಒಂದೇ ಸಮ ಮಾತಾಡುತ್ತಿತ್ತು. ಪೆನ್ಸಿಲ್ ಕಳೆದದ್ದು, ಮೇಷ್ಟ್ರು ಕಿವಿ ಹಿಂಡಿದ್ದು, ಮನೆಯಲ್ಲಿ ಎದುರು ನಿಲ್ಲಿಸಿ ಕೇಳಿದರೆ ಹೊರಬೀಳದ್ದೆಲ್ಲ ಗಾಳಿಗೆ ಮುಖ ಕೊಟ್ಟಾಗ ಬರುತ್ತಿತ್ತು. ಆಗಲೂ ನಾನು "ಹೂಂ" ಅನ್ನುತ್ತಿದ್ದೆ, ಈಗಲೂ ಅಷ್ಟೇ ಅಂದೆ. ಸುಳಿಯ ಸುತ್ತ ನರೆ ಕೂದಲು ಬಂದಿತ್ತು. ಹೆಂಡತಿ ಏನೂ ಮಾತಾಡದೆ ಚಕ್ಕುಲಿ ಮುರಿದು ಅವನ ಬಾಯಿಗಿಟ್ಟಳು.

ರಾತ್ರಿ ಕಿಂಗ್‌ಮನ್‌ನಲ್ಲಿ ತಂಗಿದೆವು. 1926ರಲ್ಲಿ ಶುರುವಾಗಿ 1985ರಲ್ಲಿ ಅಧಿಕೃತ ಪಟ್ಟಿಯಿಂದ ಬಿಟ್ಟುಹೋದ ರೂಟ್ 66 ಆ ಊರಿನ ನಡುವೆಯೇ ಹಾದಿದೆ. ಈಗ ಅದರ ನೆನಪನ್ನೇ ಬನಿಯನ್, ಬಟ್ಟಲುಗಳ ಮೇಲೆ ಅಚ್ಚೊತ್ತಿ ಮಾರುತ್ತಾರೆ. ಮೋಟೆಲಿನ ಕೌಂಟರಿನಲ್ಲಿ ಊದುಬತ್ತಿಯ ವಾಸನೆ. ಆ ದೇಶದ ಮೋಟೆಲುಗಳಲ್ಲಿ ಬಹಳಷ್ಟು ಗುಜರಾತಿನ ಪಟೇಲರದು. ನನ್ನ ಹರಕು ಹಿಂದಿಗೆ ಒಡೆಯ ಒಂದು ಕೆಟಲ್ ಬಿಸಿನೀರು ಕೊಟ್ಟ.

ಮರುದಿನ ಕ್ಯಾನ್ಯನ್. 446 ಕಿಲೋಮೀಟರು ಉದ್ದ, ಕೆಲವೆಡೆ 29 ಕಿಲೋಮೀಟರು ಅಗಲ, ಆಳ 1.6 ಕಿಲೋಮೀಟರಿಗೂ ಮಿಕ್ಕು. ಅಂಕಿಗಳು ಏನೂ ಹೇಳುವುದಿಲ್ಲ. ಐದು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೊನೆಯದರ ಗೋಪುರ ಹೆಚ್ಚುಕಮ್ಮಿ ನಮ್ಮ ಚಪ್ಪಲಿಯ ಮಟ್ಟಕ್ಕೆ ಬಂದೀತು. ಏಳು ಸಾವಿರ ಅಡಿ ಎತ್ತರದ ಅಂಚು, ಅಕ್ಟೋಬರಿನ ಚಳಿ, ನಾನು ಮಂಕಿ ಟೋಪಿಯಲ್ಲಿ. ಫೋಟೋಗಳಲ್ಲಿ ನಾನೂ ಒಂದು ಪುರಾತನ ಶಿಲೆಯಂತೆ ಬಂದಿದ್ದೇನೆ.

ಡೆಸರ್ಟ್ ವ್ಯೂ ರಸ್ತೆಯಲ್ಲಿ ಮಗ ಒಂದು ಶಿಖರ ತೋರಿಸಿ, "ಅದು ವಿಷ್ಣು ಟೆಂಪಲ್" ಅಂದ. 1880ರ ದಶಕದಲ್ಲಿ ಇಲ್ಲಿ ಸಮೀಕ್ಷೆ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಸೇನಾಧಿಕಾರಿ, ಭೂವಿಜ್ಞಾನಿ, ಈ ಕಲ್ಲುಗಳಲ್ಲಿ ಪೂರ್ವದೇಶದ ಗುಡಿಗಳನ್ನು ಕಂಡು ವಿಷ್ಣು, ಶಿವರ ಹೆಸರಿಟ್ಟ. ಕಣಿವೆಯ ತಳದಲ್ಲಿರುವ 170 ಕೋಟಿ ವರ್ಷ ಹಳೆಯ ಕಪ್ಪು ಬಂಡೆಗೂ ವಿಷ್ಣು ಶಿಸ್ಟ್ ಎಂದೇ ಹೆಸರು. ಶಿವನದು ಇನ್ನೂ ತಮಾಷೆ. ಶಿವ ಟೆಂಪಲಿನ ನೆತ್ತಿಯಲ್ಲಿ ಹೊರಜಗತ್ತಿನಿಂದ ಬೇರ್ಪಟ್ಟ ವಿಚಿತ್ರ ಪ್ರಾಣಿಗಳಿರಬಹುದೆಂದು 1937ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ತಂಡವೊಂದು ಬಲು ಸದ್ದು ಮಾಡಿ ಹತ್ತಿತು. ಸಿಕ್ಕಿದ್ದು ಸಾಮಾನ್ಯ ಇಲಿ, ಅಳಿಲು, ಜೊತೆಗೆ ಕೊಡಕ್ ಫಿಲ್ಮಿನ ಖಾಲಿ ಡಬ್ಬಿ. ಸ್ಥಳೀಯ ಫೋಟೋಗ್ರಾಫರ್ ಎಮರಿ ಕೋಲ್ಬ್ ಅವರಿಗಿಂತ ಮೊದಲೇ ಸದ್ದಿಲ್ಲದೆ ಹತ್ತಿ ಇಳಿದಿದ್ದ.

ಹೆಂಡತಿ ಚಪ್ಪಲಿ ಬಿಟ್ಟು ವಿಷ್ಣುವಿಗೆ ಕೈಮುಗಿದಳು. ಆಮೇಲೆ, "ಗುಡಿ ಅಂತಾರೆ, ಬಾಗಿಲೇ ಇಲ್ವಲ್ರೀ" ಅಂದಳು.

ವಾಪಸಾಗುವಾಗ ಕ್ಯಾಲಿಫೋರ್ನಿಯಾದ ಗಡಿಯಲ್ಲಿ, ನೀಡಲ್ಸ್ ಬಳಿ, ಕಾರು ನಿಲ್ಲಿಸಿ ಹಣ್ಣು ಹಂಪಲು ಇದೆಯೇ ಎಂದು ಕೇಳಿದರು. ಪರರಾಜ್ಯದ ಕೀಟ ಒಳಗೆ ಬರಬಾರದಲ್ಲ. ಹೆಂಡತಿ ಸತ್ಯಹರಿಶ್ಚಂದ್ರನ ವಂಶದವಳು, ಮೂಸಿ ಮೂಸಿ ಸೊರಗಿದ ನಿಂಬೆಹಣ್ಣನ್ನು ಒಪ್ಪಿಸಿಬಿಟ್ಟಳು. ಕ್ಯಾಲಿಫೋರ್ನಿಯಾದಲ್ಲೇ ಬೆಳೆದು, ಕ್ಯಾನ್ಯನ್ ನೋಡಿಕೊಂಡು ಬಂದ ಹಣ್ಣು ತವರಿನ ಹೊಸ್ತಿಲಲ್ಲಿ ಕಸದ ಡಬ್ಬಿ ಸೇರಿತು. ಅಲ್ಲಿಂದ ಮನೆಯ ತನಕ ಅವಳು ಸೆರಗಿನ ತುದಿಯನ್ನೇ ಮೂಸುತ್ತ ಕೂತಳು.

ಕತ್ತಲಾಗಿತ್ತು. ಬಾರ್‌ಸ್ಟೋ ಮತ್ತೆ ಬಂತು, ಈ ಸಲ ಬರೀ ದೀಪಗಳಾಗಿ. ಮಗ ಸುಮ್ಮನೆ ಓಡಿಸುತ್ತಿದ್ದ; ಹೇಳುವುದನ್ನೆಲ್ಲ ಹೋಗುವ ದಾರಿಯಲ್ಲೇ ಹೇಳಿ ಮುಗಿಸಿದ್ದ. ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದ ಮೊಮ್ಮಗಳು ನನ್ನ ತೋಳು ಜಗ್ಗಿ, "ತಾತ, ಮೈಸೂರು ಯಾವಾಗ ಬರುತ್ತೆ?" ಅಂದಳು.

ನಮಗೆ ಬರುವ ಮೈಸೂರೋ, ಅವಳಿಗೆ ಬರುವ ಮೈಸೂರೋ ಗೊತ್ತಾಗಲಿಲ್ಲ. ಮುಂದಿನ ಸೀಟಿನ ಕಡೆ ನೋಡಿದೆ.

"ಬುಧವಾರ ಬರುತ್ತೆ ಪುಟ್ಟಿ," ಅಂದಳು ಅಜ್ಜಿ. "ಅಷ್ಟರಲ್ಲಿ ಆ ಬಾದಾಮೀನ ಇನ್ನೊಂದ್ಸಲ ತೂಕ ಹಾಕ್ಬೇಕು."